ನರ್ಮದೆಯ ದಂಡೆಗೆ

ಕೊನೆಯ ಸೆಮಿಸ್ಟರ್ ರಿಸಲ್ಟ್ ಬಂತು, ಪಾಸಾದೆ. ಕೆಲಸ ಹುಡುಕೋದು ಆಮೇಲೆ; ಮೊದಲು ನರ್ಮದಾ ಪರಿಕ್ರಮ. ಅಮರಕಂಟಕದಲ್ಲಿ ಹುಟ್ಟಿ ಭರೂಚ್ ಹತ್ತಿರ ಸಮುದ್ರ ಸೇರೋ ನದಿ, 1,312 ಕಿ.ಮೀ. ಉದ್ದ. ಎರಡೂ ದಂಡೆ ನಡೆದರೆ 2,600ಕ್ಕೂ ಹೆಚ್ಚು. ನದಿ ಯಾವಾಗಲೂ ಬಲಗಡೆಗೇ ಇರಬೇಕು, ನಡುವೆ ಎಲ್ಲೂ ದಾಟೋ ಹಾಗಿಲ್ಲ. ನನ್ನ ಮನಸ್ಸು ಹಿಡಿದದ್ದು ಈ ನಿಯಮವೇ. ಇಷ್ಟು ದಿನ ಬೇಗ ದಾಟೋದನ್ನೇ ಕಲಿತಿದ್ದೆ ಅನ್ನಿಸುತ್ತೆ.

ಒಂದು ತಿಂಗಳಿಂದ ಬೆಳಿಗ್ಗೆ ಬಸವನಗುಡಿಯಿಂದ ನಡೆದು ಹೋಗಿ, ಬ್ಯಾಗಲ್ಲಿ ಎಂಟು ಕೆಜಿ ಅಕ್ಕಿ ಹೊತ್ತು ಲಾಲ್‌ಬಾಗ್ ಬಂಡೆ ಹತ್ತಿ ಇಳೀತಿದ್ದೀನಿ. ಎಡ ಹಿಮ್ಮಡಿಯ ಬೊಬ್ಬೆ ಒಡೆದು, ಒಣಗಿ, ಈಗ ಚರ್ಮ ಗಟ್ಟಿಯಾಗಿದೆ.

ದೀಪಾವಳಿ ಮುಗಿಸಿ ಹೊರಡ್ತೀನಿ. ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೂ ನಿನ್ನೆ ಕೇಳಿದ್ರು, "ಚಟ್ನಿಪುಡಿ ಎಷ್ಟು ದಿನಕ್ಕಾಗೋಷ್ಟು ಮಾಡ್ಲಿ?"