ಮಾತಿನ ತುದಿಯ ಇಸ್ಪೀಟು

ಯೊಶಿಹಿರೊ ತೊಗಾಶಿಯವರು 1998ರಲ್ಲಿ ಆರಂಭಿಸಿದ ‘ಹಂಟರ್ ಎಕ್ಸ್ ಹಂಟರ್’ ಮಾಂಗಾವನ್ನು (ಜಪಾನಿ ಚಿತ್ರಕಥೆ) ನಿನ್ನೆ ರಾತ್ರಿ ಮತ್ತೆ ತಿರುವಿಹಾಕುತ್ತಿದ್ದಾಗ, ಅದರ ಅನಿಮೆಯನ್ನಷ್ಟೇ (ಅನಿಮೇಷನ್ ಸರಣಿ) ನೋಡಿದವರಿಗೆ ಸುಲಭವಾಗಿ ಸಿಗದ ಸಂಗತಿಯೊಂದು ಕಣ್ಣಿಗೆ ಬಿತ್ತು. ಕಥೆಯ ಕೊಲೆಗಡುಕ ಪಾತ್ರವಾದ ಹಿಸೋಕಾನ ಉಡುಪಿನ ಮೇಲೆ ಇಸ್ಪೀಟಿನ ಚಿಹ್ನೆಗಳಿರುವುದು, ಒಂದು ಕೆನ್ನೆಗೆ ನಕ್ಷತ್ರ, ಇನ್ನೊಂದಕ್ಕೆ ಕಣ್ಣೀರ ಹನಿ ಬರೆದುಕೊಂಡು ಆತ ಜೋಕರನಂತೆ ತಿರುಗುವುದು, ಎಸೆದ ಎಲೆಯಿಂದಲೇ ಎದುರಾಳಿಯನ್ನು ಕೊಲ್ಲುವುದು ಎಲ್ಲರಿಗೂ ಗೊತ್ತಿರುವ ವಿಷಯ. ಮಾಂಗಾದಲ್ಲಿ ಅವನ ಮಾತುಗಳು ಕೂಡ ಬಹುಪಾಲು ಆಟಿನ್, ಡೈಮನ್, ಕಳಾವರ್, ಇಸ್ಪೀಟ್‌ಗಳ ಪೈಕಿ ಒಂದು ಚಿಹ್ನೆಯೊಂದಿಗೇ ಮುಗಿಯುತ್ತವೆ. ಕೊಲೆಬೆದರಿಕೆಯ ಪಕ್ಕದಲ್ಲಿ ಪುಟ್ಟದೊಂದು ಆಟಿನ್ ಕುಳಿತಿರುವುದನ್ನು ಕಂಡಾಗ ಆಗುವ ಇರಿಸುಮುರಿಸು, ರಕ್ತ ಚೆಲ್ಲಿದ ಪುಟಗಳನ್ನು ನೋಡಿದಾಗಲೂ ನನಗೆ ಆಗಿರಲಿಲ್ಲ. ಉಚ್ಚರಿಸಲು ಬಾರದ ಈ ಗುರುತನ್ನು 2011ರ ಅನಿಮೆಯಲ್ಲಿ ಕಂಠದಾನ ಮಾಡಿದ ದೈಸುಕೆ ನಾಮಿಕಾವಾ ಅವರು ದನಿಯ ಬಳುಕಿನಲ್ಲಿಯೇ ತಂದಿದ್ದಾರೆಂದು ನನ್ನ ಅನಿಸಿಕೆ. ಅದು ಕೇವಲ ಅಭಿಮಾನಿಯ ಕಿವಿಯಿರಲೂಬಹುದು. ಇಸ್ಪೀಟೆಲೆಗಳ ಗೋಪುರವನ್ನು ಅಷ್ಟು ತಾಳ್ಮೆಯಿಂದ ಕಟ್ಟಿ, ಮರುಕ್ಷಣವೇ ಕೆಡವಿ ನಗುವ ಹಿಸೋಕಾ, ಕಥಾನಾಯಕ ಹುಡುಗ ಗೊನ್‌ನನ್ನೂ ಚೆನ್ನಾಗಿ ಬಲಿಯಲೆಂದೇ ಆಗ ಸುಮ್ಮನೆ ಬಿಟ್ಟಿರುತ್ತಾನೆ.