ಬಾವಿಯಿರುವ ಪ್ರಾರ್ಥನಾಲಯ

ಪ್ರಾಗ್ ನಗರದ ಹಳೆಯ ಪಟ್ಟಣದಲ್ಲಿ ಬೆತ್ಲೆಹೇಮ್ ಚಾಪೆಲ್ಲನ್ನು ಹುಡುಕಿಕೊಂಡು ಹೊರಟ ನಾನು ಮೊದಲ ಸಲ ಅದನ್ನು ದಾಟಿಯೇ ಹೋಗಿಬಿಟ್ಟಿದ್ದೆ. ಗೋಪುರಗಳಿಗೆ ಹೆಸರಾದ ಆ ಊರಿನಲ್ಲಿ, ಜೋಡಿ ಚೂಪು ಮಾಡಿನ ಆ ಬೋಳು ಗೋಡೆಯ ಕಟ್ಟಡ ಉಗ್ರಾಣದಂತೆ ಕಂಡಿತ್ತು.

1391ರಲ್ಲಿ ಇದನ್ನು ಕಟ್ಟಿಸಿದವರಿಗೆ ಬೇಕಾಗಿದ್ದುದು ಒಂದೇ: ಜನರಿಗೆ ಅವರ ಚೆಕ್ ಭಾಷೆಯಲ್ಲಿ ದೇವರ ವಾಕ್ಯ ಕೇಳಿಸಬೇಕು. ಪೂಜಾವಿಧಿಯೆಲ್ಲ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಭಾನುವಾರಗಳಲ್ಲೂ ಹಬ್ಬದ ದಿನಗಳಲ್ಲೂ ಎರಡೆರಡು ಸಲ ಚೆಕ್ ಪ್ರಸಂಗ ಮಾಡತಕ್ಕದ್ದೆಂದು ಸ್ಥಾಪನಾ ಪತ್ರದಲ್ಲಿಯೇ ಬರೆಸಿದ್ದರು. ಕನ್ನಡದಲ್ಲಿ ಸತ್ಯವೇದ ಓದಿ, ಕನ್ನಡದಲ್ಲಿಯೇ ಪ್ರಸಂಗ ಕೇಳಿ ಬೆಳೆದ ನಾನು ಅದಕ್ಕೂ ಯಾರಾದರೂ ಬೆಲೆ ತೆತ್ತಿರಬಹುದೆಂದು ಯೋಚಿಸಿದವನೇ ಅಲ್ಲ.

ಸುಮಾರು ಮೂರು ಸಾವಿರ ಮಂದಿ ಹಿಡಿಸುತ್ತಿದ್ದ ಈ ಸಭಾಂಗಣದಲ್ಲಿ ಚೆಕ್ ಪಾದ್ರಿ, ಧರ್ಮಸುಧಾರಕ ಯಾನ್ ಹುಸ್ 1402ರಿಂದ ಬೋಧಿಸಿದರು. ಪಾಪಕ್ಷಮೆ, ವಿಧೇಯತೆ, ಬಹಿಷ್ಕಾರ, ಸಭಾಪದವಿಗಳ ಮಾರಾಟ ಮುಂತಾದ ವಿಷಯಗಳಲ್ಲಿ ತಾವು ಕಂಡ ಆರು ತಪ್ಪುಗಳನ್ನು ಇದೇ ಗೋಡೆಯ ಮೇಲೆ ಬರೆಸಿದ್ದರು. ಪೀಠಕ್ಕೆ ಬರಲು ಬೋಧಕರ ವಾಸದ ಕೋಣೆಯಿಂದಲೇ ನೇರವಾಗಿ ಒಂದು ಬಾಗಿಲಿದೆ. ಮನೆಗೂ ಪೀಠಕ್ಕೂ ನಡುವೆ ಅಷ್ಟೇ ಅಂತರ. ಚರ್ಚು ಧರ್ಮದ್ರೋಹಿಯೆಂದು ತೀರ್ಪಿತ್ತ ಮೇಲೆ, 1415ರ ಜುಲೈ 6ರಂದು ಈಗಿನ ಜರ್ಮನಿಯ ಕಾನ್‌ಸ್ಟನ್ಸ್‌ನಲ್ಲಿ ಅವರನ್ನು ಜೀವಂತ ಸುಟ್ಟರು.

ಈಗ ಕಾಣುವ ಕಟ್ಟಡದ ಬಹುಭಾಗ ಹಳೆಯದಲ್ಲ. 1786ರಲ್ಲಿ ಕೆಡವಿದ್ದನ್ನು, ಉಳಿದಿದ್ದ ಗೋಡೆಗಳ ತುಣುಕುಗಳನ್ನು ಸೇರಿಸಿಕೊಂಡು, 1950ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದವರು ದೇವರನ್ನೊಪ್ಪದ ಕಮ್ಯುನಿಸ್ಟ್ ಸರ್ಕಾರದವರು. ದೇವರು ಯಾರ ಕೈಯಿಂದ ಏನು ಮಾಡಿಸುತ್ತಾನೋ! ನೆಲದಲ್ಲಿರುವ ಬಾವಿ ಮಾತ್ರ ಹಳೆಯದು. ಅದರ ಕಲ್ಲಿನ ಕಟ್ಟೆಯ ಮೇಲೆ ಕೈಯಿಟ್ಟಾಗ ಅಂಗೈಗೆ ತಣ್ಣಗೆ ತಾಕಿತು. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ರೊಟ್ಟಿಯ ಮನೆಯೊಳಗೊಂದು ನೀರಿನ ಸೆಲೆ.

ಸಾವಿಗೆ ಇನ್ನು ಒಂದು ತಿಂಗಳೂ ಇಲ್ಲದಾಗ ಸೆರೆಯಿಂದ ಬರೆದ ಪತ್ರದಲ್ಲಿ, ದೇವರು ತನ್ನ ವಾಕ್ಯ ಅಲ್ಲಿ ಸಾರಲ್ಪಡುವಂತೆ ಅನುಗ್ರಹಿಸುವಷ್ಟು ಕಾಲ ಬೆತ್ಲೆಹೇಮನ್ನು ಪ್ರೀತಿಯಿಂದ ಕಾಣಿರೆಂದು ಹುಸ್ ಪ್ರಾಗಿನವರನ್ನು ಬೇಡಿಕೊಂಡಿದ್ದರು. ಈಗ ಅದು ತಾಂತ್ರಿಕ ವಿಶ್ವವಿದ್ಯಾಲಯದ ಸಮಾರಂಭ ಭವನ. ಯಾವುದೋ ಕಾರ್ಯಕ್ರಮಕ್ಕೆ ಕುರ್ಚಿಗಳನ್ನು ಸಾಲಾಗಿ ಹಾಕುತ್ತಿದ್ದರು. ಆ ಸದ್ದಿನ ನಡುವೆಯೇ ಬಾವಿಯ ಬಳಿ ನಿಂತು, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಕನ್ನಡದಲ್ಲಿ, ನನಗಷ್ಟೇ ಕೇಳಿಸುವಂತೆ ಹೇಳಿಕೊಂಡೆ.