ಫೆಡರೇಶನ್ ಕಪ್ ಮೊದಲು ಗೆದ್ದದ್ದು ನಮ್ಮ ಐಟಿಐ

ಭಾರತದ ಫುಟ್‌ಬಾಲ್ ಅಂದರೆ ಎಲ್ಲರೂ ಕೋಲ್ಕತ್ತಾ, ಗೋವಾ ಅಂತಾರೆ. ಆದರೆ ದೇಶದ ಕ್ಲಬ್‌ಗಳಿಗಾಗಿ 1977ರಲ್ಲಿ ಫೆಡರೇಶನ್ ಕಪ್ ಶುರುವಾದಾಗ ಅದನ್ನು ಮೊದಲು ಎತ್ತಿದ್ದು ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್)! ಟೆಲಿಫೋನ್ ಮಾಡುವ ಕಾರ್ಖಾನೆಯ ತಂಡ, ಫೈನಲ್‌ನಲ್ಲಿ ಕೋಲ್ಕತ್ತಾದ ಮೋಹನ್ ಬಗಾನ್‌ನಂಥ ದೊಡ್ಡ ತಂಡವನ್ನೇ 1-0ರಿಂದ ಸೋಲಿಸಿತು. ಇದು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು? ನನಗಂತೂ ಇದನ್ನು ಜೋರಾಗಿ ಹೇಳಬೇಕು ಅನ್ನಿಸುತ್ತೆ.

ಮುಂದಿನ ವರ್ಷಗಳಲ್ಲಿ ಬಗಾನ್ ಮತ್ತು ಕೋಲ್ಕತ್ತಾದ್ದೇ ಆದ ಈಸ್ಟ್ ಬೆಂಗಾಲ್‌ಗಳದ್ದೇ ಜಾಸ್ತಿ ಅಬ್ಬರ. 1978ರಲ್ಲಿ ಇಬ್ಬರೂ ಕಪ್ ಹಂಚಿಕೊಂಡರು. 1997ರ ಸೆಮಿಫೈನಲ್‌ನಲ್ಲಿ ಇವೆರಡೇ ಎದುರಾದಾಗ ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ 1,31,000ಕ್ಕೂ ಹೆಚ್ಚು ಜನ ಬಂದಿದ್ದರು, ಬೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದು ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಒಂದು ಸೆಮಿಫೈನಲ್‌ಗೆ ಅಷ್ಟು ಜನ, ಯೋಚನೆ ಮಾಡಿ!

2015ರ ಜನವರಿಯಲ್ಲಿ ಬೆಂಗಳೂರು ಎಫ್‌ಸಿ ಗೋವಾದಲ್ಲೇ ಅಲ್ಲಿನ ಡೆಂಪೊ ತಂಡವನ್ನು ಮಣಿಸಿ ಕಪ್ ತಂದಿತು. 2017ರಲ್ಲಿ ಕಟಕ್‌ನಲ್ಲಿ ನಡೆದ ಫೈನಲ್‌ನಲ್ಲಿ ಮತ್ತೆ ಅದೇ ಬಗಾನ್ ಎದುರಿಗೆ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿನ ಸಿ.ಕೆ. ವಿನೀತ್ ಎರಡು ಗೋಲು ಹೊಡೆದರು, ಕಪ್ ಮತ್ತೆ ಬೆಂಗಳೂರಿಗೇ ಬಂತು. ಅದೇ ಕೊನೆಯ ಫೆಡರೇಶನ್ ಕಪ್. 2018ರಿಂದ ಅದರ ಜಾಗಕ್ಕೆ ಸೂಪರ್ ಕಪ್ ಬಂತು.